ಕೆಡೆನ್‌ಲೈವ್ ಮತ್ತು ಓಪನ್‌ಮೀಡಿಯಾವಾಲ್ಟ್: ಲಿನಕ್ಸ್‌ಗೆ ಹೊಸಬರಾದವರು ಜೊತೆಯಾಗಿ ಕಲಿಯಬೇಕಾದ ಎರಡು ತಂತ್ರಾಂಶಗಳು

ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್‌ಗೆ ಬಂದ ಮೇಲೆ ನಾನು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ತಂಗಿಯ ಮದುವೆಯ ವಿಡಿಯೊ ಎಡಿಟಿಂಗ್. ಅದಕ್ಕೆ ಬಳಸಿದ್ದು ಕೆಡೆನ್‌ಲೈವ್. ಮೂಲ ವಿಡಿಯೊಗಳನ್ನು ಇಟ್ಟದ್ದು, ಮೂಲೆಗೆ ಸೇರಿದ್ದ ಹಳೆಯ ಡೆಸ್ಕ್‌ಟಾಪ್‌ಗೆ ಓಪನ್‌ಮೀಡಿಯಾವಾಲ್ಟ್ ಹಾಕಿ ಮಾಡಿಕೊಂಡ ಮನೆಯ ಸರ್ವರ್‌ನಲ್ಲಿ. ಎರಡೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳು.

2002ರಲ್ಲಿ ಆರಂಭವಾದ ಕೆಡೆನ್‌ಲೈವ್ ಇಂದು ಮುಕ್ತ ತಂತ್ರಾಂಶಗಳನ್ನು ರೂಪಿಸುವ ಕೆಡಿಇ ಸಮುದಾಯದ ಆಶ್ರಯದಲ್ಲಿದೆ. ಕತ್ತರಿಸುವುದು, ಜೋಡಿಸುವುದು, ಬಣ್ಣ ತಿದ್ದುವುದು ಮುಂತಾದ ನಿತ್ಯದ ಕೆಲಸಗಳಿಗೆ ಇದರಲ್ಲಿ ಯಾವ ಕೊರತೆಯೂ ನನಗೆ ಕಾಣಲಿಲ್ಲ. ಶೀರ್ಷಿಕೆಯಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿ ‘ಧಾರಾಮುಹೂರ್ತ’, ‘ಸಪ್ತಪದಿ’ ಎಂದು ಬರೆದಾಗ ಅರ್ಕಾವತ್ತು, ಒತ್ತಕ್ಷರಗಳೆಲ್ಲ ಇರಬೇಕಾದ ಜಾಗದಲ್ಲೇ ಮೂಡಿದ್ದನ್ನು ಕಂಡು ನಿಜಕ್ಕೂ ಸಂತೋಷವಾಯಿತು.

ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇದರ ಪ್ರಾಕ್ಸಿ ಸೌಲಭ್ಯ ವರದಾನ. ಇದನ್ನು ಆನ್ ಮಾಡಿದರೆ ಪ್ರತಿ ವಿಡಿಯೊಗೂ ಒಂದು ಚಿಕ್ಕ, ಹಗುರವಾದ ಪ್ರತಿ ತಯಾರಾಗುತ್ತದೆ; ಎಡಿಟಿಂಗ್ ನಡೆಯುವುದು ಆ ಪ್ರತಿಯ ಮೇಲೆ, ಅಂತಿಮ ರೆಂಡರ್ (ಸಿದ್ಧ ವಿಡಿಯೊ ಫೈಲ್ ತಯಾರಿಸುವುದು) ಮಾತ್ರ ಮೂಲ ವಿಡಿಯೊದಿಂದಲೇ ಆಗುತ್ತದೆ. ಈ ಪ್ರತಿಗಳು ಸಾಮಾನ್ಯವಾಗಿ ಲ್ಯಾಪ್‌ಟಾಪ್‌ನಲ್ಲೇ ಉಳಿಯುವುದರಿಂದ, ಮೂಲ ವಿಡಿಯೊಗಳು ನೆಟ್‌ವರ್ಕ್‌ನ ಆಚೆ ತುದಿಯಲ್ಲಿದ್ದರೂ ಕ್ಲಿಪ್‌ಗಳನ್ನು ಜೋಡಿಸುವ ಟೈಮ್‌ಲೈನ್ ತಡವರಿಸುವುದಿಲ್ಲ.

ಹೊಸಬರು ಎಡವುವುದು ಬೇರೆ ಕಡೆ. ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಫೈಲ್‌ನಲ್ಲಿ ವಿಡಿಯೊ ಇರುವುದಿಲ್ಲ. ಯಾವ ವಿಡಿಯೊ ಯಾವ ಫೋಲ್ಡರ್‌ನಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಇದು ತಿಳಿಯದೆ ನಾನು ಫೈಲ್ ಮ್ಯಾನೇಜರ್‌ನ ನೆಟ್‌ವರ್ಕ್ ವಿಭಾಗದಿಂದ ವಿಡಿಯೊಗಳನ್ನು ನೇರವಾಗಿ ಎಳೆದು ತಂದಿದ್ದೆ. ಮರುದಿನ ಲ್ಯಾಪ್‌ಟಾಪ್ ಆನ್ ಮಾಡಿದಾಗ ಸರ್ವರ್‌ನ ಸಂಪರ್ಕವೇ ಇರಲಿಲ್ಲವಾದ್ದರಿಂದ, ಕ್ಲಿಪ್‌ಗಳು ಕಾಣೆಯಾಗಿವೆ ಎಂಬ ಉದ್ದನೆಯ ಪಟ್ಟಿ ಎದುರಾಯಿತು. ಹೊಸ ಜಾಗವನ್ನು ತೋರಿಸಿ ಹುಡುಕಿಸಿದರೆ ಕೆಡೆನ್‌ಲೈವ್ ಅವುಗಳನ್ನು ತಾನೇ ಗುರುತಿಸಿಕೊಳ್ಳುತ್ತದೆ. ಆದರೆ ಸರಿಯಾದ ದಾರಿಯೆಂದರೆ, ಬೂಟ್ ಆಗುವಾಗ ಯಾವ ಡಿಸ್ಕ್ ಅಥವಾ ಫೋಲ್ಡರ್ ಎಲ್ಲಿ ತೆರೆಯಬೇಕೆಂದು ಲಿನಕ್ಸ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ (fstab) ಫೈಲ್‌ನಲ್ಲಿ ಒಂದು ಸಾಲು ಸೇರಿಸಿ, ಸರ್ವರ್‌ನ ಫೋಲ್ಡರ್ ಪ್ರತಿ ಸಲವೂ ಒಂದೇ ಜಾಗದಲ್ಲಿ ತೆರೆಯುವಂತೆ ಮಾಡಿಕೊಳ್ಳುವುದು. ಆ ಸಾಲಿನಲ್ಲಿ, ಫೋಲ್ಡರ್ ಸಿಗದಿದ್ದರೂ ಬೂಟ್ ಮುಂದುವರಿಸುವ ‘ನೋಫೇಲ್’ (nofail) ಆಯ್ಕೆಯನ್ನು ಬಿಡಬಾರದು. ಬಿಟ್ಟರೆ ಸರ್ವರ್ ಆಫ್ ಆಗಿರುವ ದಿನ ಲ್ಯಾಪ್‌ಟಾಪ್ ಬೂಟ್ ಆಗುವುದಕ್ಕೇ ತೊಡಕಾಗಬಹುದು.

ಓಪನ್‌ಮೀಡಿಯಾವಾಲ್ಟ್ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯನ್ನು ಆಧರಿಸಿದೆ. ಅನುಸ್ಥಾಪನೆಯ ನಂತರ ಮಾನಿಟರ್, ಕೀಬೋರ್ಡ್ ತೆಗೆದಿಟ್ಟು, ಎಲ್ಲವನ್ನೂ ಬ್ರೌಸರ್‌ನಿಂದಲೇ ನೋಡಿಕೊಳ್ಳಬಹುದು. ಸಿಸ್ಟಂಗೆ ಒಂದು ಡಿಸ್ಕ್, ದತ್ತಾಂಶಕ್ಕೆ ಇನ್ನೊಂದು ಡಿಸ್ಕ್ ಬೇಕು ಎಂಬುದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಬದಲಾವಣೆಗಳನ್ನು ಉಳಿಸಿದ ಮೇಲೂ ಪುಟದ ಮೇಲ್ಭಾಗದಲ್ಲಿ ಒಂದು ಹಳದಿ ಪಟ್ಟಿ ಕಾಣಿಸಿಕೊಳ್ಳುತ್ತದೆ. ಅದರಲ್ಲಿನ ಸರಿ ಗುರುತನ್ನು ಒತ್ತುವವರೆಗೆ ಯಾವುದೂ ಜಾರಿಗೆ ಬರುವುದಿಲ್ಲ. ಹಂಚಿಕೆಯ ಫೋಲ್ಡರ್ ಏಕೆ ಕಾಣಿಸುತ್ತಿಲ್ಲ ಎಂದು ನಾನು ಒಂದು ಸಂಜೆಯೆಲ್ಲ ಹುಡುಕಾಡಿದ್ದು ಆ ಪಟ್ಟಿಯನ್ನು ಗಮನಿಸದ ಕಾರಣಕ್ಕೆ.

ವೇಗದ ವಿಷಯದಲ್ಲಿ ತಂತ್ರಾಂಶಕ್ಕಿಂತ ರೂಟರ್ ಮತ್ತು ಕೇಬಲ್ ಮುಖ್ಯ. 100 ಮೆಗಾಬಿಟ್ ಪೋರ್ಟ್ ಆದರೆ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಮಾತ್ರ ಹರಿಯುವುದರಿಂದ 10 ಗಿಗಾಬೈಟ್ ವಿಡಿಯೊ ಸಾಗಿಸಲು ಕಾಲು ಗಂಟೆ ಬೇಕು. ಗಿಗಾಬಿಟ್ ಪೋರ್ಟ್‌ನಲ್ಲಿ ಅದೇ ಕೆಲಸ ಒಂದೂವರೆ ನಿಮಿಷದಷ್ಟರಲ್ಲಿ ಮುಗಿಯುತ್ತದೆ. ವೈಫೈ ಮೇಲೆ ಎಡಿಟಿಂಗ್ ಮಾಡುವಂತೆ ನಾನು ಯಾರಿಗೂ ಹೇಳಲಾರೆ.

ಪ್ರಾಜೆಕ್ಟ್ ಮುಗಿದ ಮೇಲೆ ಕೆಡೆನ್‌ಲೈವ್‌ನ ಆರ್ಕೈವ್ ಆಯ್ಕೆ ಎಲ್ಲ ಕ್ಲಿಪ್‌ಗಳನ್ನೂ ಪ್ರಾಜೆಕ್ಟ್ ಫೈಲ್ ಸಮೇತ ಒಂದೇ ಕಡೆ ಒಟ್ಟುಗೂಡಿಸಿ ಕೊಡುತ್ತದೆ. ಮದುವೆಯ ಆ ಆರ್ಕೈವ್ ಈಗ ಸರ್ವರ್‌ನಲ್ಲಿ ಒಂದು, ತಂಗಿಯ ಮನೆಯ ಬೀರುವಿನಲ್ಲಿರುವ ಬಾಹ್ಯ ಡಿಸ್ಕ್‌ನಲ್ಲಿ ಇನ್ನೊಂದು, ಹೀಗೆ ಎರಡು ಕಡೆ ಇದೆ.