“ನಿಮ್ಮೂರ ಗಾಡಿನೇ ಸರ್” ಅಂದರೆ ನಂಬಬೇಡಿ: ಹಳೇ ಫಿಯಟ್ ಹರಾಜಿನಲ್ಲಿ ನಾನು ಕಳಕೊಂಡ 94,500 ರೂಪಾಯಿ

ಆನ್‌ಲೈನ್ ಹರಾಜಿನಲ್ಲಿ ಹಳೇ ಫಿಯಟ್, ಅಂಬಾಸಿಡರ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಹೋದ ತಿಂಗಳು ನನ್ನ ಖಾತೆಯಿಂದ 94,500 ರೂಪಾಯಿ ಹೋಯಿತು. ಕಾರು ಬರಲಿಲ್ಲ, ಇನ್ನು ಬರೋದೂ ಇಲ್ಲ.

ನಮ್ಮ ಅಪ್ಪಾಜಿ ದಾವಣಗೆರೆಯ ಕಾಟನ್ ಮಿಲ್ಲಿನ ಸಾಹುಕಾರರೊಬ್ಬರ ಹತ್ತಿರ ಡ್ರೈವರ್ ಆಗಿದ್ದವರು. ಇಪ್ಪತ್ತೆರಡು ವರ್ಷ ಫಿಯಟ್ಟೇ ಓಡಿಸಿದ್ದು. ಈಗ 79 ವರ್ಷ. ಹಳೇ ಪಿ.ಬಿ. ರಸ್ತೆಯಲ್ಲಿ ಅಪರೂಪಕ್ಕೆ ಒಂದು ಫಿಯಟ್ ಹೋದರೆ, ನೋಡದೆ ಬರೀ ಶಬ್ದ ಕೇಳಿ “ಟ್ಯಾಪೆಟ್ ಲೂಸಾಗ್ಯಾವ” ಅಂತಾರೆ. ಅವರಿಗೆ 80 ತುಂಬುವ ದಿನ ಬಾಗಿಲ ಮುಂದೆ ಒಂದು ಫಿಯಟ್ ತಂದು ನಿಲ್ಲಿಸಬೇಕು ಅಂತ ನನಗೆ ಆಸೆ. ಮೊದಲೇ ಗೊತ್ತಾಗಬಾರದು ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಮೋಸ ಮಾಡಿದವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿರಲಿಲ್ಲ.

ಹರಾಜಿನಲ್ಲಿ ಒಂದು ಕೆನೆ ಬಣ್ಣದ ಫಿಯಟ್ ಕಂಡಿತು. 2,10,000ದವರೆಗೂ ಕೂಗಿದೆ. ಬೇರೆ ಯಾರೋ 2,35,000ಕ್ಕೆ ಕೂಗಿ ತಗೊಂಡರು. ಹರಾಜು ನಡೆಯುವಾಗ ನಾನು ಒಂದು ತಪ್ಪು ಮಾಡಿದ್ದೆ. “ದಾವಣಗೆರೆಗೆ ತಲುಪಿಸ್ತೀರಾ?” ಅಂತ ಎಲ್ಲರಿಗೂ ಕಾಣುವ ಹಾಗೆ ಕೇಳಿ, ಕೆಳಗೆ ಮೊಬೈಲ್ ನಂಬರ್ ಹಾಕಿದ್ದೆ.

ಎರಡು ದಿನ ಬಿಟ್ಟು ಫೋನ್ ಬಂತು. ಒಳ್ಳೇ ಕನ್ನಡ, ಬಹಳ ಮರ್ಯಾದೆಯ ಮಾತು. “ಗೆದ್ದೋರು ಹಿಂದೆ ಸರಿದಿದ್ದಾರೆ ಸರ್, ನಿಮ್ದು ಎರಡನೇ ನಂಬರು. ಹರಾಜಿನ ಕಮಿಷನ್ ಉಳಿಯುತ್ತೆ, ನೇರವಾಗಿ 1,85,000ಕ್ಕೆ ಕೊಡ್ತೀವಿ. ಇದು ಮೂಲದಲ್ಲಿ ನಿಮ್ಮೂರ ಗಾಡಿನೇ ಸರ್.” ಜೊತೆಗೆ ವಾಟ್ಸಾಪ್‌ನಲ್ಲಿ ಆರ್‌ಸಿ ಪುಸ್ತಕದ ಫೋಟೋ. 1971ರ ನೋಂದಣಿ, ದಾವಣಗೆರೆಯ ವಿಳಾಸ. ನನಗೆ ಮೈ ಜುಂ ಅಂತು. ಅಪ್ಪಾಜಿ ಇದೇ ಗಾಡಿಯನ್ನು ಎಲ್ಲೋ ಓವರ್‌ಟೇಕ್ ಮಾಡಿರಬಹುದು ಅಂತ ಕೂಡ ಯೋಚನೆ ಬಂತು. ಹರಾಜಿನ ವಿವರದಲ್ಲಿ ದಾವಣಗೆರೆಯ ಸುದ್ದಿಯೇ ಇರಲಿಲ್ಲ ಅನ್ನೋದು ಆಗ ಹೊಳೆಯಲಿಲ್ಲ.

ಹರಾಜಿನಲ್ಲಿ ಸೋತವರಿಗೆ ಹೀಗೆ ಹೊರಗಿನಿಂದ “ಎರಡನೇ ಅವಕಾಶ” ಅಂತ ಫೋನ್ ಮಾಡೋದು ಹಳೇ ಮೋಸ. ಮಾರುವವನಿಗೂ ಇವರಿಗೂ ಸಂಬಂಧವೇ ಇರೋದಿಲ್ಲ. ಕಾರಿನ ಮೇಲೆ ಯಾರಿಗೆ ಆಸೆ ಇದೆ, ಎಷ್ಟರವರೆಗೆ ಕೊಡಬಲ್ಲರು ಅನ್ನೋದನ್ನು ಹರಾಜೇ ತೋರಿಸಿಕೊಟ್ಟಿರುತ್ತೆ. ಅಂಥ ಫೋನ್ ಬಂದರೆ ಹರಾಜು ನಡೆಸುವವರನ್ನೇ ಅವರ ತಾಣದ ಮೂಲಕ ಕೇಳಿ. ಅಲ್ಲಿ ದಾಖಲಾಗದ ವ್ಯವಹಾರಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ನಾನು ಹಾಕಿದೆ. ಮೊದಲು ಟೋಕನ್ 20,000. ಆಮೇಲೆ “ಎಸ್ಕ್ರೋ ಖಾತೆ”ಗೆ 60,000; ಕಾರು ನನ್ನ ಕೈ ಸೇರುವವರೆಗೂ ಆ ಹಣ ಮಧ್ಯಸ್ಥರ ಹತ್ತಿರ ಇರುತ್ತೆ ಅಂದರು. ಹಣ ಕಳಿಸುವಾಗ ಪರದೆಯ ಮೇಲೆ ಬಂದದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು. ಕೇಳಿದೆ. “ನಮ್ಮ ಅಕೌಂಟೆಂಟ್ ಸರ್” ಅಂದರು. ನಾನು ಪಿನ್ ಒತ್ತಿದೆ. ಮಧ್ಯಸ್ಥ ಸಂಸ್ಥೆಯ ದುಡ್ಡು ಒಬ್ಬ ಮನುಷ್ಯನ ಉಳಿತಾಯ ಖಾತೆಗೆ ಯಾಕೆ ಹೋಗಬೇಕು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವವರೆಗೂ ನಾನು ಬೆರಳು ಇಡಬಾರದಿತ್ತು.

ಲಾರಿ ಬಾಡಿಗೆ ಅಂತ 14,500 ಕಳಿಸಿದ್ದು ರಾತ್ರಿ. ಬೆಳಗ್ಗೆ ಆರೂವರೆಗೆ ಮತ್ತೆ ಫೋನ್: ಲಾರಿಯನ್ನು ಚಿತ್ರದುರ್ಗದ ಹತ್ತಿರ ತಡೆದಿದ್ದಾರೆ, ವಿಂಟೇಜ್ ಗಾಡಿಗೆ ‘ವಿಎ’ ನಂಬರಿನ ಸರ್ಕಾರಿ ಶುಲ್ಕ ಕಟ್ಟಿಲ್ಲವಂತೆ, ಕೂಡಲೇ 22,000 ಹಾಕಬೇಕು. ಇದರಲ್ಲಿ ಅರ್ಧ ನಿಜ ಇರೋದರಿಂದಲೇ ಜನ ಬೀಳೋದು. 2021ರಲ್ಲಿ ಕೇಂದ್ರದ ನಿಯಮ ಬಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಬರುತ್ತೆ, ಹೊಸ ನೋಂದಣಿಗೆ ಶುಲ್ಕ 20,000. ಆದರೆ ಅದಕ್ಕೆ ಗಾಡಿಯ ಮಾಲೀಕ ಗಾಡಿ ನೋಂದಣಿಯ ಸರ್ಕಾರಿ ತಾಣ ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ, ಯಾರದೋ ಯುಪಿಐಗೆ ಹಾಕಿಸಿಕೊಳ್ಳುವ ಶುಲ್ಕ ಅದಲ್ಲ.

ನಾನು ಹಣ ಹಾಕದೆ ಬೈಕ್ ಹತ್ತಿದೆ. ದುರ್ಗ ಇಲ್ಲಿಂದ ಸುಮಾರು 60 ಕಿಲೋಮೀಟರ್. ಅವರು ಹೇಳಿದ ಜಾಗದಲ್ಲಿ, 48ನೇ ಹೆದ್ದಾರಿಯ ಪಕ್ಕ, ಒಂದು ಟೀ ಅಂಗಡಿ ಇತ್ತು. ಅಂಗಡಿಯಮ್ಮನನ್ನು ಕೇಳಿದರೆ “ರಾತ್ರಿಯಿಂದ ಇಲ್ಲಿ ಯಾವ ಕಾರಿನ ಲಾರಿನೂ ನಿಂತಿಲ್ಲಣ್ಣ” ಅಂದರು. ಆದರೂ ಎರಡು ತಾಸು ಅಲ್ಲೇ ಕೂತೆ. ಗಾಳಿಗೆ ಟಾರ್ಪಲ್ ಬಡಿದುಕೊಳ್ಳುವ ಪ್ರತಿ ಲಾರಿ ಬಂದಾಗಲೂ ಎದ್ದು ನೋಡಿದೆ. ಅವರ ಫೋನ್ ಸ್ವಿಚ್ ಆಫ್ ಆಗಿತ್ತು.

ಮಧ್ಯಾಹ್ನ ಮನೆಗೆ ಬಂದು ಅಪ್ಪಾಜಿಗೆ ಎಲ್ಲಾ ಹೇಳಿದೆ. ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ನನ್ನ ಮೊಬೈಲ್ ತಗೊಂಡರು. ಆರ್‌ಸಿ ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಒಂದೊಂದೇ ಸಾಲು ಓದಿದರು.

“ಮೇಲೆ ಕರ್ನಾಟಕ ಸರ್ಕಾರ ಅಂತೈತಲ್ಲಪ್ಪ. ಎಪ್ಪತ್ತೊಂದ್ರಾಗ ಕರ್ನಾಟಕ ಎಲ್ಲಿತ್ತು? ಆಗ ಮೈಸೂರು ರಾಜ್ಯ. ದಾವಣಗೆರೆ ಜಿಲ್ಲೆ ಅಂತ ಬೇರೆ ಬರದಾರ. ನಾವು ಆಗ ದುರ್ಗದ ಜಿಲ್ಲೆಯೋರು. ಗಾಡಿ ಹೆಸರು ಪದ್ಮಿನಿ ಅಂತ ಬರದಾರ, ಆ ಹೆಸರೂ ಆಮೇಲೆ ಬಂದಿದ್ದು, ನಾನು ಓಡ್ಸಿದ್ದು ಡಿಲೈಟು.”

ಎಲ್ಲಾ ನಿಜ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಫಿಯಟ್ 1100 ಡಿಲೈಟ್ ಅನ್ನುತ್ತಿದ್ದ ಗಾಡಿ ಪ್ರೀಮಿಯರ್ ಪದ್ಮಿನಿ ಆದದ್ದು 1974ರಲ್ಲಿ. ನಂಬರ್ ಬೇರೆ ಕೆಎ 17 ಅಂತಿತ್ತು. ಕೆಎ ಶುರುವಾದದ್ದೇ 1989ರಲ್ಲಿ, ಅದಕ್ಕೂ ಹಿಂದಿನ ಮೈಸೂರು ರಾಜ್ಯದ ನಂಬರುಗಳು ಎಂವೈ ಅಂತ ಇರುತ್ತಿದ್ದವು. ಇಷ್ಟೂ ಸುಳ್ಳು ಒಂದೇ ಪುಟದಲ್ಲಿ, ನನ್ನ ಮೊಬೈಲ್‌ನಲ್ಲಿ, ಹನ್ನೊಂದು ದಿನದಿಂದ ಇತ್ತು. ಅಪ್ಪಾಜಿ ಕಾರಿನ ಫೋಟೋಗಳನ್ನೂ ನೋಡಿದರು. ಒಂದರಲ್ಲಿ ಗೇರು ಸ್ಟೇರಿಂಗ್ ಪಕ್ಕ, ಇನ್ನೊಂದರಲ್ಲಿ ನೆಲದಲ್ಲಿ. “ಇವು ಎರಡು ಗಾಡಿ” ಅಂದು ಮೊಬೈಲ್ ವಾಪಸ್ ಕೊಟ್ಟರು.

ಎಂಪರಿವಾಹನ್ ಆಪ್‌ನಲ್ಲಿ ಆ ನಂಬರ್ ಹಾಕಿದಾಗ ಮಾಹಿತಿ ಬಂದಿರಲಿಲ್ಲ. “ಹಳೇ ಗಾಡಿ ಸರ್, ಕಂಪ್ಯೂಟರಿಗೆ ಏರಿಸಿರಲ್ಲ” ಅಂತ ಆ ಮೋಸಗಾರರು ಅಂದಿದ್ದರು. ಕೆಲವು ಹಳೇ ಗಾಡಿಗಳ ಮಟ್ಟಿಗೆ ಅದೂ ನಿಜವೇ. ಹಾಗಿದ್ದಾಗ ನೋಂದಣಿಯಾದ ಆರ್‌ಟಿಒ ಕಚೇರಿಗೆ ಹೋಗಿ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ಪ್ರತಿ) ಕೇಳಬೇಕು. ಮಾಲೀಕ ಯಾರು, ಸಾಲ ಇದೆಯಾ, ಚಾಸಿ ನಂಬರ್ ಏನು ಅಂತ ಅದರಲ್ಲಿ ಸಿಗುತ್ತೆ. ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನೂ ಕೇಳಿ, ಅದನ್ನು ತೆಗೆಯುವಾಗ ವೀಡಿಯೊ ಕಾಲ್‌ನಲ್ಲಿ ನೋಡಿ. ಕಾರು ಇಲ್ಲದವನು ಅಚ್ಚು ಎಲ್ಲಿಂದ ತರುತ್ತಾನೆ? ಸಾಧ್ಯವಾದರೆ ಒಬ್ಬ ಹಳೇ ಮೆಕ್ಯಾನಿಕ್‌ನ ಕರಕೊಂಡು ಖುದ್ದು ಹೋಗಿ. ಬಸ್ ಚಾರ್ಜ್ ಹೋದರೆ ಹೋಗಲಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಆ ಮಧ್ಯಾಹ್ನ ಮೂರು ಗಂಟೆಗೆ. ಪ್ರತಿ ವರ್ಗಾವಣೆಯ ಯುಟಿಆರ್ ನಂಬರ್ (ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಕೇಳಿದರು, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೊನೆಯ 14,500ರಲ್ಲಿ 11,200 ಆ ಖಾತೆಯಲ್ಲೇ ಉಳಿದಿತ್ತು, ತಡೆಹಿಡಿದಿದ್ದಾರೆ. ಅದು ಆಮೇಲೆ ಸಿಗುತ್ತಂತೆ. ಉಳಿದದ್ದು ಅಷ್ಟರಲ್ಲಿ ಕೈ ದಾಟಿ ಹೋಗಿತ್ತು. ಮೋಸ ಅಂತ ಅನುಮಾನ ಬಂದ ಗಳಿಗೆಯಲ್ಲೇ ಫೋನ್ ಮಾಡಿ, ನನ್ನ ಹಾಗೆ ಹೆದ್ದಾರಿ ಪಕ್ಕ ಕೂತು ಕಾಯಬೇಡಿ. ಚಾಟ್ ಅಳಿಸಬೇಡಿ. ಸಿಇಎನ್ (ಸೈಬರ್ ಅಪರಾಧದ) ಪೊಲೀಸ್ ಠಾಣೆಯಲ್ಲಿ ದೂರು ಕೊಡುವಾಗ ಅದೇ ಮುಖ್ಯ ದಾಖಲೆಯಾಯಿತು.

ಹೋದ ವಾರ ಅದೇ ಫೋಟೋಗಳು ಮತ್ತೊಂದು ಕಡೆ ಕಂಡವು. ಈ ಸಲ ತುಮಕೂರಿನ ಗಾಡಿ ಅಂತ ಹಾಕಿದ್ದರು. ನಾನು ದೂರು ಕಳಿಸಿದ ಮೇಲೆ ತೆಗೆದರು, ಇನ್ನೆಲ್ಲಿ ಹಾಕುತ್ತಾರೋ. ಕೆನೆ ಬಣ್ಣ, ಎಡಗಡೆ ಮುಂದಿನ ಮಡ್‌ಗಾರ್ಡ್ ಮೇಲೆ ಅಂಗೈಯಗಲ ತಗ್ಗು, ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಹಿತ್ತಾಳೆ ಗಣಪತಿ. ಈ ಕಾರಿನ ಫೋಟೋ ಕಳಿಸಿ ಯಾರಾದರೂ “ನಿಮ್ಮೂರ ಗಾಡಿನೇ ಸರ್” ಅಂದರೆ, ಟೋಕನ್ ಹಾಕಬೇಡಿ.