ಮಾಲೂರು ಸುತ್ತ ಸಣ್ಣ ಕಾರ್ಖಾನೆಗೆ ಜಾಗ: ಕೆಐಎಡಿಬಿ ನಿವೇಶನವೋ, ರೈತರ ಜಮೀನೋ?

ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನ ಬೇಕೆಂದರೆ ಮೊದಲು ಯೋಜನಾ ವರದಿಗೆ ಒಪ್ಪಿಗೆ. ಹೂಡಿಕೆ 15 ಕೋಟಿಯೊಳಗಿದ್ದರೆ ಕೋಲಾರದ ಜಿಲ್ಲಾ ಏಕಗವಾಕ್ಷಿ ಸಮಿತಿಯೇ ತೀರ್ಮಾನಿಸುತ್ತದೆ. ಮೀರಿದರೆ ಕಡತ ಬೆಂಗಳೂರಿಗೆ. ಶುರುವಿಗೆ ಸಿಗುವುದು ಗುತ್ತಿಗೆ ಕರಾರು, ಕ್ರಯಪತ್ರವಲ್ಲ. ಅವಧಿಯೊಳಗೆ ಘಟಕ ನಡೆಯದಿದ್ದರೆ ಮಂಡಳಿ ಜಾಗ ವಾಪಸ್ ಪಡೆಯಬಹುದು. ಬ್ಯಾಂಕಿಗೆ ಅಡವಿಡಲೂ ಮಂಡಳಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು.

ರೈತರ ಜಮೀನು ಎಕರೆ ಲೆಕ್ಕದಲ್ಲಿ ಅಗ್ಗ ಅನ್ನಿಸಬಹುದು, ತಾಪತ್ರಯವೆಲ್ಲ ಕಾಗದದ್ದು. ಪಹಣಿಯಲ್ಲಿ ಹೆಸರಿದೆ ಎಂದು ಮುಂಗಡ ಕೊಟ್ಟುಬಿಡಬೇಡಿ. ತಾಲ್ಲೂಕು ಕಚೇರಿಯಿಂದ ಮೂಲ ಮಂಜೂರಾತಿ ಕಡತ ತೆಗೆಸಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿಯಿಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ (ಪರಿಶಿಷ್ಟರ ಮಂಜೂರಾತಿ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಆ ಕ್ರಯ ಅಸಿಂಧು. ಹಳೇ ಕ್ರಯವೆಂದು ನಿಶ್ಚಿಂತರಾಗುವಂತಿಲ್ಲ: ಜಮೀನು ವಾಪಸ್ ಕೇಳುವ ಅರ್ಜಿಗೆ ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಆಮೇಲೆ ಪೋಡಿಯಾಗಿದೆಯೇ (ಅಳತೆ ಮಾಡಿ ಹಿಸ್ಸೆ ಬೇರ್ಪಡಿಸಿದ್ದಾರೆಯೇ), ನಕ್ಷೆಯಲ್ಲಿ ಖರಾಬು (ಸಾಗುವಳಿಗೆ ಬಾರದೆಂದು ಬಿಟ್ಟ ಜಾಗ), ರಾಜಕಾಲುವೆ ಎಲ್ಲಿ ಬರುತ್ತವೆ, ಲಾರಿ ತಿರುಗುವಷ್ಟು ದಾರಿ ದಾಖಲೆಯಲ್ಲಿದೆಯೇ ನೋಡಿ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ ಪರಿವರ್ತನೆ ಇದೆಲ್ಲ ಆದ ಮೇಲಿನ ಮಾತು.

ಸಾಲದ ದುಡ್ಡಾದರೆ ಕೆಐಎಡಿಬಿಯೇ ವಾಸಿ. ಜಮೀನಿನ ತಕರಾರು ಮುಗಿಯಲೆಂದು ಬಡ್ಡಿ ಕಾಯುವುದಿಲ್ಲ. ಸ್ವಂತ ದುಡ್ಡು, ಒಳ್ಳೆಯ ವಕೀಲರು ಇದ್ದರೆ ಜಮೀನು ನೋಡಬಹುದು.

ನೀರು ಮಾತ್ರ ಎರಡೂ ಕಡೆ ಕಷ್ಟ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುವುದು ಕೆರೆ ತುಂಬಿ ಅಂತರ್ಜಲ ಏರಲೆಂದು, ಕಾರ್ಖಾನೆ ನಲ್ಲಿಗಲ್ಲ. ಕೊಳವೆಬಾವಿ ನಂಬುವ ಮೊದಲು ಅಂತರ್ಜಲ ಪ್ರಾಧಿಕಾರದ ಅನುಮತಿ ವಿಚಾರಿಸಿ.