ಆಲೂಗಡ್ಡೆ ಪಲ್ಯಕ್ಕೆ ಯಾವುದು: ಹಾಸನದ್ದಾ, ಊಟಿದಾ, ಕೋಲ್ಡ್ ಸ್ಟೋರೇಜಿಂದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹಾಸನದ ಆಲೂಗಡ್ಡೆಗೆ. ತವರು ಹಾಸನ ಜಿಲ್ಲೆಯ ಅರಕಲಗೂಡಿನ ಕಡೆ, ಅದಕ್ಕೇ ಹೀಗೆ ಹೇಳ್ತಾಳೆ ಅಂದುಕೊಳ್ಳಬೇಡಿ. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಅಂಗಡಿಯವರು ಕೊಟ್ಟ ಆಲೂಗಡ್ಡೆಯನ್ನೇ ತಂದು ಪಲ್ಯ ಮಾಡಿಕೊಂಡು ಬಂದವಳು ನಾನು. ಯಾವ ಊರಿನದು, ಯಾವಾಗ ಕಿತ್ತದ್ದು ಅಂತ ಒಂದು ದಿನವೂ ಕೇಳಿರಲಿಲ್ಲ. ಕೇಳುವ ಹಾಗಾದದ್ದು ಹೋದ ವರ್ಷದ ದೀಪಾವಳಿಯ ನಂತರ.

ಆ ಹಬ್ಬಕ್ಕೆ ನಮ್ಮ ಮನೆಗೆ ಹದಿನೆಂಟು ಜನ ಬರುವವರಿದ್ದರು. ಬೆಳಗ್ಗೆ ಮಸಾಲೆ ದೋಸೆ, ಮಧ್ಯಾಹ್ನ ಅನ್ನ ಸಾರಿನ ಜೊತೆಗೆ ಹುರಿದ ಆಲೂಗಡ್ಡೆ ಪಲ್ಯ ಅಂತ ತೀರ್ಮಾನವಾಗಿತ್ತು. ಸಗಟು ಅಂಗಡಿಯಲ್ಲಿ ಹತ್ತು ಕೆಜಿಯ ಚೀಲ 280 ರೂಪಾಯಿಗೆ ಸಿಕ್ಕಿತು. ಗಡ್ಡೆಗಳು ನೋಡಲು ಎಷ್ಟು ಚೆನ್ನಾಗಿದ್ದವು! ಎಲ್ಲ ಒಂದೇ ಗಾತ್ರ, ಮಣ್ಣಿಲ್ಲ, ಗಾಯವಿಲ್ಲ. ಹಬ್ಬಕ್ಕೆ ಇನ್ನೂ ಐದು ದಿನ ಇತ್ತು. ಕೆಡದೇ ಇರಲಿ ಅಂತ ಮೂರು ಕೆಜಿಯಷ್ಟನ್ನು ಫ್ರಿಜ್ಜಿನಲ್ಲಿ ಇಟ್ಟೆ.

ಹಬ್ಬದ ದಿನ ಪಲ್ಯ ಸಿಹಿಯಾಯಿತು.

ಸ್ವಲ್ಪ ಸಿಹಿ ಅಲ್ಲ, ಗೆಣಸಿನ ಸಿಹಿ. ಒಗ್ಗರಣೆಯಲ್ಲಿ ಏನೂ ತಪ್ಪಿರಲಿಲ್ಲ. ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಇಂಗು, ಕರಿಬೇವು, ಶುಂಠಿ, ಹಸಿಮೆಣಸಿನಕಾಯಿ, ಉದ್ದುದ್ದ ಸೀಳಿದ ಈರುಳ್ಳಿ, ಅರಿಶಿನ, ಎಲ್ಲ ಯಾವಾಗಿನ ಹಾಗೇ ಹಾಕಿದ್ದೆ. ರುಚಿ ನೋಡಿದಾಗ ಈರುಳ್ಳಿ ಜಾಸ್ತಿ ಬಾಡಿತೇನೋ ಅನ್ನಿಸಿ ಇನ್ನೂ ನಾಲ್ಕು ಮೆಣಸಿನಕಾಯಿ ಹಾಕಿದೆ. ಖಾರ ಬೇರೆ, ಸಿಹಿ ಬೇರೆ ಬಾಯಿಗೆ ಹತ್ತಿತು. ನಿಂಬೆಹಣ್ಣು ಹಿಂಡಿದೆ. ಸಿಹಿಯ ಜೊತೆಗೆ ಹುಳಿಯೂ ಸೇರಿತು ಅಷ್ಟೆ. ಉಪ್ಪು ಹಾಕಿದೆ, ಕಾಯಿತುರಿ ಹಾಕಿದೆ, ಯಾವುದಕ್ಕೂ ಅದು ಬಗ್ಗಲಿಲ್ಲ. ದೋಸೆ ಚೆನ್ನಾಗಿ ಬಂದಿತ್ತು, ಕೆಂಪು ಚಟ್ನಿಯೂ ಚೆನ್ನಾಗಿತ್ತು. ಬಂದವರು ಪಲ್ಯವನ್ನು ಬದಿಗೆ ಸರಿಸಿ ತಿಂದರು. ಯಾರೂ ಏನೂ ಅನ್ನಲಿಲ್ಲ. ನನಗೆ ಮಾತ್ರ ತುಂಬಾ ಬೇಜಾರಾಯಿತು.

ಮಧ್ಯಾಹ್ನದ್ದು ಇನ್ನೂ ಕಷ್ಟ. ಹುರಿದ ಪಲ್ಯಕ್ಕೆ ಫ್ರಿಜ್ಜಿನ ಗಡ್ಡೆ ತೆಗೆದುಕೊಂಡಿದ್ದೆ. ಎಣ್ಣೆಗೆ ಹಾಕಿ ಆರೇಳು ನಿಮಿಷಕ್ಕೆ ಹೋಳುಗಳು ಕಾಫಿ ಬಣ್ಣಕ್ಕೆ ತಿರುಗಿದವು. ಒಂದನ್ನು ಮುರಿದು ನೋಡಿದರೆ ಒಳಗೆ ಇನ್ನೂ ಹಸಿ. ಉರಿ ತಗ್ಗಿಸಿದೆ. ಒಳಗೆ ಬೇಯುವ ಹೊತ್ತಿಗೆ ಹೊರಗೆ ಕರ್ರಗಾಗಿ ಕಹಿಯಾಯಿತು. ಸಾರಿನಪುಡಿ ಹಾಕುವ ಮೊದಲೇ ಸೀದ ವಾಸನೆ. ಬಾಣಲೆ ತಪ್ಪಾ, ಎಣ್ಣೆ ತಪ್ಪಾ ಅಂತ ಎರಡನ್ನೂ ಬದಲಾಯಿಸಿ ಇನ್ನೊಂದು ಸಲ ಹಾಕಿದೆ. ಅದೂ ಹಾಗೇ ಆಯಿತು.

ತಪ್ಪು ಇದ್ದದ್ದು ಗಡ್ಡೆಯಲ್ಲಿ. ಅಂದರೆ ಅದನ್ನು ಇಟ್ಟ ಜಾಗದಲ್ಲಿ. ಉತ್ತರ ಭಾರತದಲ್ಲಿ ಆಲೂಗಡ್ಡೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೀಳುತ್ತಾರೆ. ಆಗ್ರಾ ಕಡೆಯ ರಾಶಿ ರಾಶಿ ಗಡ್ಡೆ ಕೋಲ್ಡ್ ಸ್ಟೋರೇಜಿಗೆ ಹೋಗಿ, ನವೆಂಬರ್‌ವರೆಗೂ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಅಲ್ಲಿ 2ರಿಂದ 4 ಡಿಗ್ರಿ ಚಳಿ ಇರುತ್ತದೆ. ಆ ಚಳಿಗೆ ಮೊಳಕೆ ಬರುವುದಿಲ್ಲ, ಕೊಳೆಯುವುದಿಲ್ಲ. ಆದರೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಬೇಯಿಸಿದರೆ ಸಿಹಿ. ಹುರಿದರೆ ಆ ಸಕ್ಕರೆ ಬೇಗ ಕಂದಿ ಕಪ್ಪಾಗುತ್ತದೆ. ನಮ್ಮ ಮನೆಯ ಫ್ರಿಜ್ಜಿನ ಚಳಿಯೂ ಹೆಚ್ಚು ಕಡಿಮೆ ಅಷ್ಟೇ. ಮೊದಲೇ ಸಿಹಿಯಾಗಿದ್ದ ಗಡ್ಡೆಯನ್ನು ನಾನು ಮತ್ತೆ ಐದು ದಿನ ಅದೇ ಚಳಿಯಲ್ಲಿ ಇಟ್ಟಿದ್ದೆ.

ಉಳಿದ ನಾಲ್ಕು ಕೆಜಿ ಎಸೆಯಲು ಮನಸ್ಸು ಬರಲಿಲ್ಲ. ಹೊರಗಿನ ಹದವಾದ ಬಿಸಿಯಲ್ಲಿ ಎರಡು ಮೂರು ವಾರ ಇಟ್ಟರೆ ಸಿಹಿ ಇಳಿಯುತ್ತದೆ ಅಂತ ಗೊತ್ತಾಯಿತು. ಮಂಚದ ಕೆಳಗೆ ಗೋಣಿಚೀಲ ಹಾಸಿ, ಗಡ್ಡೆಗಳನ್ನು ಒಂದಕ್ಕೊಂದು ತಾಗದ ಹಾಗೆ ಹರವಿ, ಮೇಲೆ ಹಳೆಯ ಪೇಪರು ಮುಚ್ಚಿದೆ. ಬೆಳಕು ಬಿದ್ದರೆ ಹಸಿರಾಗುತ್ತದೆ, ಹಸಿರಾದದ್ದನ್ನು ತಿನ್ನಬಾರದು. ಈರುಳ್ಳಿ ಬುಟ್ಟಿಯನ್ನೂ ದೂರ ಇಟ್ಟೆ. ವಾರಕ್ಕೊಮ್ಮೆ ಒಂದು ಗಡ್ಡೆಯಿಂದ ನಾಲ್ಕು ಬಿಲ್ಲೆ ಕೊಯ್ದು ಎಣ್ಣೆಯಲ್ಲಿ ಹುರಿದು ನೋಡುತ್ತಿದ್ದೆ. ಮೊದಲ ವಾರ ಹಾಗೇ ಕಪ್ಪು. ಎರಡನೇ ವಾರ ಕಂದು. ಮೂರನೇ ವಾರ ಬಂಗಾರದ ಬಣ್ಣಕ್ಕೆ ಹತ್ತಿರ ಬಂತು, ಸಿಹಿಯೂ ಮುಕ್ಕಾಲು ಪಾಲು ಹೋಗಿತ್ತು. ಆದರೆ ಅಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಮೊಳಕೆ ಬಂದು ಸಿಪ್ಪೆ ಸುಕ್ಕಾಗಿತ್ತು. ಉಪಾಯ ಕೆಲಸ ಮಾಡುತ್ತದೆ ನಿಜ. ನಾಳೆ ಬೆಳಗ್ಗೆ ದೋಸೆ ಮಾಡಬೇಕಾದವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಇನ್ನೊಂದು ದಾರಿ, ಹೋಳುಗಳನ್ನು ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿಟ್ಟು ಬಸಿದು ಹುರಿಯುವುದು. ಸಕ್ಕರೆ ಸ್ವಲ್ಪ ನೀರಿಗೆ ಬಿಡುತ್ತದೆ, ಬಣ್ಣ ಪರವಾಗಿಲ್ಲ. ರುಚಿಯೂ ನೀರಿಗೇ ಹೋಗುತ್ತದೆ. ನಾನು ಎರಡು ಸಲ ಮಾಡಿ ಬಿಟ್ಟೆ.

ಈ ಸೆಪ್ಟೆಂಬರಿನಲ್ಲಿ ಮೂರೂ ಬಗೆ ಒಂದೇ ಸಲ ಸಿಕ್ಕವು. ಹಾಸನದ್ದು ಕೆಜಿಗೆ 40, ಕೋಲ್ಡ್ ಸ್ಟೋರೇಜಿನ ಆಗ್ರಾದ್ದು 35, ಊಟಿಯದು 70 ರೂಪಾಯಿ. ಒಂದು ಭಾನುವಾರ ಮೂರರಲ್ಲೂ ಎರಡೂ ಪಲ್ಯ ಮಾಡಿದೆ. ಅದೇ ಕುಕ್ಕರು, ಅದೇ ಮೂರು ವಿಷಲ್. ಅದೇ ಬೀಡಿನ ಬಾಣಲೆ, ಅದೇ ನಾಲ್ಕು ಚಮಚ ಕಡಲೆಕಾಯಿ ಎಣ್ಣೆ. ಮನೆಯವರಿಗೆ ಯಾವ ಬಟ್ಟಲಿನಲ್ಲಿ ಯಾವುದು ಅಂತ ಹೇಳಲಿಲ್ಲ.

ದೋಸೆ ಪಲ್ಯದಲ್ಲಿ ಹಾಸನದ್ದಕ್ಕೆ ಸಾಟಿಯೇ ಇಲ್ಲ. ಕುಕ್ಕರು ತೆಗೆದಾಗ ಸಿಪ್ಪೆ ತಾನಾಗಿಯೇ ಬಿರಿದಿತ್ತು. ಕೈಯಲ್ಲಿ ಒತ್ತಿದರೆ ಅರ್ಧ ಪುಡಿಯಾಗಿ, ಅರ್ಧ ಹೋಳಾಗಿಯೇ ಉಳಿಯುತ್ತದೆ. ಪಲ್ಯಕ್ಕೆ ಬೇಕಾದದ್ದು ಅದೇ ಅಲ್ವಾ? ಪೂರ್ತಿ ಮುದ್ದೆಯಾದರೆ ದೋಸೆಯೊಳಗೆ ಅಂಟಂಟು, ಪೂರ್ತಿ ಹೋಳಾದರೆ ಮಡಿಸುವಾಗ ಉದುರುತ್ತದೆ. ಒಗ್ಗರಣೆಗೆ ಅರ್ಧ ಲೋಟ ನೀರು ಹಾಕಿ ಕುದಿಸಿದ ಮೇಲೆ ಗಡ್ಡೆ ಹಾಕಿದೆ. ನೀರನ್ನೂ ಉಪ್ಪನ್ನೂ ನಿಂಬೆರಸವನ್ನೂ ಎಲ್ಲ ಎಳೆದುಕೊಂಡಿತು. ಊಟಿಯದು ಗಟ್ಟಿ. ಬೆಂದಿದ್ದರೂ ಹೋಳು ಬಿಡಲಿಲ್ಲ, ಸೌಟಿನ ಹಿಂಬದಿಯಲ್ಲಿ ಒತ್ತಿ ಒತ್ತಿ ಹಿಸುಕಬೇಕಾಯಿತು. ರುಚಿ ಮಾತ್ರ ಚೆನ್ನಾಗಿತ್ತು. ಆಗ್ರಾದ್ದು ಮತ್ತೆ ಸಿಹಿ. ನನ್ನ ಮಗಳು ಒಂದು ತುತ್ತು ತಿಂದು, "ಅಮ್ಮಾ, ಇದು ದೀಪಾವಳಿದು" ಅಂದಳು.

ಹುರಿದ ಪಲ್ಯದಲ್ಲಿ ಊಟಿ ಗೆದ್ದಿತು, ಇದನ್ನು ಒಪ್ಪಿಕೊಳ್ಳಲೇಬೇಕು. ಹೋಳುಗಳನ್ನು ಹತ್ತು ನಿಮಿಷ ನೀರಿನಲ್ಲಿಟ್ಟು, ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಮುಚ್ಚದೆ ನಡು ಉರಿಯಲ್ಲಿ ಹುರಿಯುತ್ತೇನೆ. ಉಪ್ಪು ಮುಕ್ಕಾಲು ಹುರಿದ ಮೇಲೆ, ಸಾರಿನಪುಡಿ ಕೊನೆಯ ಎರಡು ನಿಮಿಷಕ್ಕೆ. ಊಟಿಯದು ಅಂಚೂ ಮುರಿಯದೆ ಸಮವಾಗಿ ಕೆಂಪಾಯಿತು, ಸಾರಿನಪುಡಿ ಒಂದೊಂದು ಹೋಳಿಗೂ ಹತ್ತಿ ಕೂತಿತು. ಹಾಸನದ್ದು ಹದಿನೈದು ನಿಮಿಷಕ್ಕೆ ಒಳ್ಳೆಯ ಬಂಗಾರದ ಬಣ್ಣಕ್ಕೆ ಬಂದರೂ ಮೂಲೆಗಳು ಸ್ವಲ್ಪ ಪುಡಿಯಾಗಿ ಬಾಣಲೆಯ ತಳ ಹಿಡಿದವು. ಆ ತಳ ಹಿಡಿದ ಪುಡಿಗೇ ನಮ್ಮ ಮನೆಯಲ್ಲಿ ಜಗಳ, ಅದು ಬೇರೆ ಮಾತು. ಆಗ್ರಾದ್ದರ ಬಗ್ಗೆ ಮತ್ತೆ ಬರೆಯುವುದು ಬೇಡ.

ಇಷ್ಟಾದರೂ ತಪ್ಪು ಆಗ್ರಾ ಊರಿನದಲ್ಲ, ಇದನ್ನು ಗಮನಿಸಬೇಕು. ನಮ್ಮ ಹಾಸನದ ಕಡೆ ಹೆಚ್ಚಾಗಿ ಬೆಳೆಯುವುದು ಕುಫ್ರಿ ಜ್ಯೋತಿ ಅನ್ನುವ ತಳಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ್ದು. ಕುಫ್ರಿ ಅನ್ನುವುದು ಶಿಮ್ಲಾ ಹತ್ತಿರದ ಊರು. ಬಿತ್ತನೆ ಗಡ್ಡೆಯೂ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಹಾಗಾಗಿ ಬೀಜವೂ ಉತ್ತರದ್ದೇ, ತಳಿಯೂ ಉತ್ತರದ್ದೇ. ವ್ಯತ್ಯಾಸ ಇರುವುದು ನೆಲದಿಂದ ಕಿತ್ತು ಎಷ್ಟು ದಿನವಾಯಿತು, ಮಧ್ಯೆ ಎಲ್ಲಿತ್ತು ಅನ್ನುವುದರಲ್ಲಿ. ಈ ವರ್ಷ ಮಾರ್ಚಿನಲ್ಲಿ ಸ್ಟೋರೇಜ್ ನೋಡದ ಹೊಸ ಆಗ್ರಾ ಗಡ್ಡೆ ತಂದಿದ್ದೆ. ಒಂದಿಷ್ಟೂ ಸಿಹಿ ಇರಲಿಲ್ಲ.

ಹಾಸನದ್ದರಲ್ಲೂ ತೊಂದರೆ ಇದೆ. ಮೇ, ಜೂನ್ ಹೊತ್ತಿಗೆ ಬಿತ್ತಿ, ಆಗಸ್ಟ್, ಸೆಪ್ಟೆಂಬರಿನಲ್ಲಿ ಕೀಳುವ ಮಳೆಗಾಲದ ಬೆಳೆ ಅದು. ಒದ್ದೆ ನೆಲದಿಂದ ಬಂದದ್ದು ಬೇಗ ಕೊಳೆಯುತ್ತದೆ. ಎರಡು ಕೆಜಿ ತಂದರೆ ಇನ್ನೂರು ಗ್ರಾಂ ಆದರೂ ಕೊಯ್ದು ಎಸೆಯಬೇಕು. ಮಣ್ಣು ತೊಳೆಯುವುದೇ ಒಂದು ಕೆಲಸ. ಹತ್ತು ದಿನಕ್ಕಿಂತ ಜಾಸ್ತಿ ಇಡಲು ಆಗುವುದಿಲ್ಲ. ಮೊದಲಿನಷ್ಟು ಸಿಗುವುದೂ ಇಲ್ಲ. ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡು ನಮ್ಮ ಕಡೆ ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು. ನಮ್ಮ ದೊಡ್ಡಪ್ಪನ ಹೊಲದಲ್ಲೂ ಈಗ ಜೋಳವೇ. ಚಿಕ್ಕವಳಿದ್ದಾಗ ಅಲ್ಲಿ ಗಡ್ಡೆ ಆರಿಸಲು ಹೋಗುತ್ತಿದ್ದೆ. ಸಂಜೆ ಕೆಂಡದಲ್ಲಿ ಸುಟ್ಟು ಉಪ್ಪು ಹಚ್ಚಿ ತಿಂದ ರುಚಿ ಇನ್ನೂ ನೆನಪಿದೆ.

ಊಟಿಯದು ಗುಡ್ಡದ ಬೆಳೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಹಾಗಾಗಿ ಹೊಸ ಗಡ್ಡೆ ಬೇರೆ ತಿಂಗಳುಗಳಲ್ಲೂ ಸಿಗುತ್ತದೆ. ವಾರಕ್ಕೆ ಮೂರು ಸಲ ಆಲೂಗಡ್ಡೆ ಬೇಕು ಅನ್ನುವ ನಮ್ಮಂಥ ಮನೆಗೆ 70 ರೂಪಾಯಿ ಕೊಟ್ಟು ಅದನ್ನೇ ತರುವುದು ಕಷ್ಟ.

ಅದಕ್ಕೇ ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಹಾಸನದ್ದು, ಎರಡೆರಡೇ ಕೆಜಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೋಲಾರ, ಚಿಕ್ಕಬಳ್ಳಾಪುರದ ಹೊಸ ಗಡ್ಡೆ. ಅದೂ ಪಲ್ಯಕ್ಕೆ ಚೆನ್ನಾಗಿರುತ್ತದೆ. ಉಳಿದ ತಿಂಗಳು ನೆಂಟರು ಬಂದರೆ ಒಂದು ಕೆಜಿ ಊಟಿಯದು. ದಿನದ ಸಾಂಬಾರಿಗೆ, ಹುಳಿಗೆ ಸ್ಟೋರೇಜಿನದೇ ಸಾಕು, ಹುಣಸೆ ಮತ್ತು ಖಾರದಲ್ಲಿ ಅದರ ಸಿಹಿ ಮುಚ್ಚಿಹೋಗುತ್ತದೆ. ಕೊಳ್ಳುವಾಗ ಉಗುರಿನಿಂದ ಸಿಪ್ಪೆ ಉಜ್ಜಿ ನೋಡುತ್ತೇನೆ. ಹೊಸದಾದರೆ ಸುಲಿದು ಬರುತ್ತದೆ. ತುಂಬಾ ದಿನ ಇಟ್ಟದ್ದಾದರೆ ಸಿಪ್ಪೆ ಕಚ್ಚಿಕೊಂಡಿರುತ್ತದೆ. ಹತ್ತು ಕೆಜಿ ಚೀಲ ತರುವುದನ್ನು ನಿಲ್ಲಿಸಿದ್ದೇನೆ. ಫ್ರಿಜ್ಜಿಗೆ ಆಲೂಗಡ್ಡೆ ಹೋಗುವುದಿಲ್ಲ.

ನಿನ್ನೆ ಬೆಳಗ್ಗೆ ಗಾಡಿಯವನು, "ಅಕ್ಕಾ, ಹಾಸನದ್ದು ಇನ್ನು ಎರಡು ವಾರ ಬಂದರೆ ಹೆಚ್ಚು" ಅಂದ. ಎರಡು ಕೆಜಿ ಕೇಳಲು ಹೋದವಳು ನಾಲ್ಕು ಕೆಜಿ ತಗೊಂಡೆ. ಒಂದೊಂದನ್ನೂ ತಿರುಗಿಸಿ ನೋಡಿ, ಗಾಯವಾದದ್ದನ್ನು ಬೇರೆ ಮಾಡಿ, ಗೋಣಿಚೀಲದ ಮೇಲೆ ಹರವಿಟ್ಟಿದ್ದೇನೆ. ಗಾಯವಾದವು ಇವತ್ತಿನ ದೋಸೆಗೆ.